ನಿಶ್ಚೇಷ್ಟಗೊಳಿಸುವ ದಾಳಿ (ಪಾತ್ರಾಭಿನಯ ಆಟಗಳು)

ನಿಶ್ಚೇಷ್ಟಗೊಳಿಸುವ ದಾಳಿ ಎಂದರೆ ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳಲ್ಲಿ ಎದುರಾಳಿಯನ್ನು ಗಾಯಗೊಳಿಸದೆಯೇ ನಿದ್ರೆ, ಸ್ತಂಭನ, ಮೂರ್ಛೆ ಮುಂತಾದ ಸ್ಥಿತಿಗೆ ತಳ್ಳಿ ಅವನ ಸರದಿಯನ್ನು ಕಸಿದುಕೊಳ್ಳುವ ಮಂತ್ರ ಅಥವಾ ಹೊಡೆತ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದಲ್ಲಿಯೇ ಇಂತಹ ಮಂತ್ರಗಳಿದ್ದವು.

ಸಮಸ್ಯೆಯ ಸ್ವರೂಪ

ಸಾಮಾನ್ಯ ಹೊಡೆತಗಳು ಎದುರಾಳಿಯ ಹಿಟ್ ಪಾಯಿಂಟ್‌ಗಳನ್ನು ಕ್ರಮೇಣ ಕುಗ್ಗಿಸುತ್ತವೆ. ನಾಲ್ವರು ಆಟಗಾರರ ಶ್ರಮ ಒಂದೇ ಲೆಕ್ಕಕ್ಕೆ ಸೇರುತ್ತದೆ. ನಿಶ್ಚೇಷ್ಟಗೊಳಿಸುವ ದಾಳಿಯಾದರೋ ಈ ಲೆಕ್ಕವನ್ನು ಬದಿಗೊತ್ತಿ, 20 ಮುಖಗಳ ದಾಳದ ಒಂದೇ ರಕ್ಷಣಾ ಎಸೆತದಲ್ಲಿ ತೀರ್ಮಾನವಾಗುತ್ತದೆ. ಒಂಟಿ ರಾಕ್ಷಸನ ಮೇಲೆ ಅದು ಫಲಿಸಿದರೆ ಇಡೀ ಎದುರುಪಕ್ಷವೇ ಸ್ತಬ್ಧವಾಗಿ ಕಾಳಗ ಬಹುಮಟ್ಟಿಗೆ ಮುಗಿದಂತೆ. ಫಲಿಸದಿದ್ದರೆ ಮಂತ್ರವೂ ಸರದಿಯೂ ವ್ಯರ್ಥ. 2000ದ ಮೂರನೆಯ ಆವೃತ್ತಿಯಲ್ಲಿ ಅಸಹಾಯಕನಾಗಿ ಬಿದ್ದವನನ್ನು ಒಂದೇ ಏಟಿಗೆ ಕೊಲ್ಲಲು ಪ್ರತ್ಯೇಕ ನಿಯಮವಿದ್ದುದರಿಂದ ಸ್ತಂಭನವು ಸಾವಿಗೆ ತೀರ ಸಮೀಪವಾಗಿತ್ತು.

ದಾಳಿ ಆಟಗಾರನ ಪಾತ್ರದ ಮೇಲಾದಾಗ ತೊಂದರೆ ಬೇರೆ ಬಗೆಯದು. ವಿರಾಟಪರ್ವದಲ್ಲಿ ಅರ್ಜುನನ ಸಮ್ಮೋಹನಾಸ್ತ್ರಕ್ಕೆ ಕೌರವಸೇನೆ ಮೈಮರೆಯುವುದು ಕಥೆಗೆ ಶೋಭೆ; ಆಟದಲ್ಲಿ ಮೈಮರೆತವನು ಮೇಜಿನ ಮುಂದೆ ಎಚ್ಚರವಾಗಿಯೇ ಕುಳಿತಿರಬೇಕು. ಐವರಿಗೆ ತಲಾ ಮೂರು ನಿಮಿಷ ಹಿಡಿದರೆ ಒಂದು ಸುತ್ತಿಗೆ 15 ನಿಮಿಷ. ಎರಡು ಸರದಿ ಕಳೆದುಕೊಂಡವನಿಗೆ ಅರ್ಧ ಗಂಟೆಗೂ ಮಿಕ್ಕಿ ಮಾಡಲು ಕೆಲಸವಿರುವುದಿಲ್ಲ.

ಪರಿಹಾರ ಕ್ರಮಗಳು

ಹೆಚ್ಚು ಬಳಕೆಗೆ ಬಂದಿರುವುದು ಪುನಃ ಪುನಃ ರಕ್ಷಣಾ ಎಸೆತ ನೀಡುವ ಕ್ರಮ. 2003ರ 3.5 ಆವೃತ್ತಿಯಲ್ಲಿ ‘ಹೋಲ್ಡ್ ಪರ್ಸನ್’ ಮಂತ್ರಕ್ಕೆ ಸಿಲುಕಿದವನು ಪ್ರತಿ ಸುತ್ತಿನಲ್ಲಿಯೂ ಬಿಡಿಸಿಕೊಳ್ಳಲು ಯತ್ನಿಸಬಹುದಾಯಿತು. ಪಾರಾಗುವ ಸಾಧ್ಯತೆ ಪ್ರತಿ ಬಾರಿ ಅರ್ಧವೆಂದು ಇಟ್ಟುಕೊಂಡರೆ, ಮೊದಲ ಎಸೆತದಲ್ಲಿ ಸೋತು ಮುಂದಿನ ಎರಡರಲ್ಲಿಯೂ ಸೋಲುವ ಸಂಭವ ಶೇ. 12.5 ಮಾತ್ರ. ಆದರೂ ಒಮ್ಮೆ ಸಿಲುಕಿದವನು ಸರಾಸರಿ ಎರಡು ಸರದಿ ಕಳೆದುಕೊಳ್ಳುತ್ತಾನೆ ಎಂಬುದನ್ನು ಮರೆಯಲಾಗದು.

2014ರ ಐದನೆಯ ಆವೃತ್ತಿಯ ‘ಸ್ಲೀಪ್’ ಮಂತ್ರ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ರಕ್ಷಣಾ ಎಸೆತವೇ ಇಲ್ಲ. ಎಂಟು ಮುಖಗಳ ಐದು ದಾಳಗಳನ್ನು ಎಸೆದು, ಬಂದ ಮೊತ್ತ ಮುಗಿಯುವವರೆಗೆ ಕಡಿಮೆ ಹಿಟ್ ಪಾಯಿಂಟ್ ಉಳಿದವರಿಂದ ಆರಂಭಿಸಿ ಮಲಗಿಸಲಾಗುತ್ತದೆ. ಸರಾಸರಿ ಮೊತ್ತ 22.5. ಸಂಗಡಿಗರ ಹೊಡೆತಗಳೂ ಇದಕ್ಕೆ ನೆರವಾಗುವುದರಿಂದ ಎರಡು ಲೆಕ್ಕಗಳು ಒಂದಾಗುತ್ತವೆ. ಇದು ಅಚ್ಚುಕಟ್ಟಾದ ಉಪಾಯವೇ ಸರಿ. ಆದರೆ 2024ರ ಪರಿಷ್ಕರಣೆಯಲ್ಲಿ ಇದನ್ನು ಕೈಬಿಟ್ಟು ರಕ್ಷಣಾ ಎಸೆತವನ್ನು ತರಲಾಯಿತು.

ಬಲಿಷ್ಠ ರಾಕ್ಷಸರಿಗೆ ಐದನೆಯ ಆವೃತ್ತಿ ‘ಲೆಜೆಂಡರಿ ರೆಸಿಸ್ಟೆನ್ಸ್’ ನೀಡಿದೆ: ದಿನಕ್ಕೆ ಸಾಮಾನ್ಯವಾಗಿ ಮೂರು ಬಾರಿ, ಸೋತ ಎಸೆತವನ್ನು ಗೆಲುವೆಂದು ಘೋಷಿಸುವ ಹಕ್ಕು. ಇದು ಒರಟು ಉಪಾಯ. ಆಟಗಾರರು ಮೊದಲ ಮೂರು ಮಂತ್ರಗಳನ್ನು ಈ ಹಕ್ಕು ತೀರಿಸಲೆಂದೇ ಸುರಿಯಬೇಕಾಗುತ್ತದೆ. 2019ರ ಪಾತ್‌ಫೈಂಡರ್ ಎರಡನೆಯ ಆವೃತ್ತಿಯಲ್ಲಿ ಫಲಿತಾಂಶಕ್ಕೆ ಘೋರ ಸೋಲು, ಸೋಲು, ಗೆಲುವು, ಭಾರಿ ಗೆಲುವು ಎಂಬ ನಾಲ್ಕು ದರ್ಜೆಗಳಿವೆ. ಗುರಿಯಾದವನ ಮಟ್ಟವು ಮಂತ್ರದ ಶ್ರೇಣಿಯ ಎರಡರಷ್ಟನ್ನು ಮೀರಿದ್ದರೆ ಅವನ ರಕ್ಷಣಾ ಫಲಿತಾಂಶ ಒಂದು ದರ್ಜೆ ಮೇಲೇರುತ್ತದೆ. ಅಲ್ಲಿ ಒಂದು ಸರದಿಗೆ ಮೂರು ಕ್ರಿಯೆಗಳಿರುವುದರಿಂದ ಸರದಿಯನ್ನೇ ಕಸಿಯದೆ ಒಂದೆರಡು ಕ್ರಿಯೆಗಳನ್ನು ಮಾತ್ರ ಕಡಿತಗೊಳಿಸುವ ಅನುಕೂಲವೂ ಇದೆ.