ಕಡಲ ದಾರಿಯಲ್ಲಿ ಹಲಾಲಿನ ಶುದ್ಧಿ

ಹಲಾಲೆಂಬುದು ಕಸಾಯಿಖಾನೆಯಲ್ಲಿಯೇ ತೀರ್ಮಾನವಾಗಿ ಮುಗಿದುಹೋಗುವ ಸಂಗತಿಯೆಂದು ಮೇಲ್ನೋಟಕ್ಕೆ ತೋರಬಹುದಾದರೂ, ಮುಂಬಯಿಯ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಹಡಗೇರಿದ ಎಮ್ಮೆಯ ಮಾಂಸವು, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಹೆಪ್ಪುಗಟ್ಟಿ, ಮಲಕ್ಕಾ ಜಲಸಂಧಿಯ ಪೋರ್ಟ್ ಕ್ಲಾಂಗನ್ನು ತಲುಪಿ, ಅಲ್ಲಿಂದ ಉಗ್ರಾಣಕ್ಕೂ ಅಂಗಡಿಗೂ ಸಾಗುವತನಕ ಎಲ್ಲೆಲ್ಲಿ ಏನೇನನ್ನು ಸೋಂಕಿತೆಂಬುದೂ ಆ ವಿಚಾರಕ್ಕೇ ಸೇರಿದುದಾಗಿದೆ. ಸಾಗಾಣಿಕೆ, ಉಗ್ರಾಣ, ಚಿಲ್ಲರೆ ಮಾರಾಟಗಳಿಗೆಂದೇ ಮಲೇಶಿಯಾ 2010ರಲ್ಲಿ ಎಂಎಸ್ 2400 ಎಂಬ ಮಾನದಂಡವನ್ನು ರಚಿಸಿ, 2019ರಲ್ಲಿ ಪರಿಷ್ಕರಿಸಿತು.

ಕಂಟೇನರಿಗೂ ಪೂರ್ವಜನ್ಮದ ವಾಸನೆಯೊಂದುಂಟು. ಹಿಂದೆ ಹಂದಿಯ ಮಾಂಸವನ್ನು ಹೊತ್ತಿದ್ದುದನ್ನು ಹಲಾಲ್ ಸರಕಿಗೆ ಬಳಸಬೇಕಾದರೆ, ಮಲೇಶಿಯಾದವರು 'ಸೆರ್ತು' ಎನ್ನುವ ಶುದ್ಧಿಯನ್ನು ಅದಕ್ಕೆ ಮಾಡಿಸತಕ್ಕದ್ದು: ಏಳು ಬಾರಿ ತೊಳೆಯಬೇಕು, ಅದರಲ್ಲೊಂದು ಬಾರಿ ಶುದ್ಧವಾದ ಮಣ್ಣು ಕಲಸಿದ ನೀರಿನಿಂದ, ಅದೂ ಧರ್ಮಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ. ಹಾಗೆ ಶುದ್ಧಗೊಂಡುದನ್ನು ಬಾಡಿಗೆಯಾಸೆಗೆ ಒಮ್ಮೆ ಅತ್ತ, ಒಮ್ಮೆ ಇತ್ತ ಬಳಸುತ್ತಿರುವಂತಿಲ್ಲ. ಇದನ್ನು ಬರಿಯ ಮತಶ್ರದ್ಧೆಯ ಹಟವೆನ್ನುವವರು, ನಮ್ಮ ಮಂಗಳೂರಿನ ಬಂದರಿಗೆ ತಾಳೆಯೆಣ್ಣೆ ಬರುವ ಬಗೆಯನ್ನು ಸ್ವಲ್ಪ ವಿಚಾರಿಸಲಿ. ಹಡಗಿನ ತೊಟ್ಟಿಯು ಹಿಂದಿನ ಮೂರು ಸಲ ಯಾವ ಸರಕನ್ನು ಹೊತ್ತಿತ್ತೆಂಬ ಲಿಖಿತವನ್ನು ಕೇಳುವುದು ಖಾದ್ಯತೈಲದ ವ್ಯಾಪಾರದಲ್ಲಿ ರೂಢಿಯೇ ಆಗಿದೆ.

ಆದರೆ ಎಣ್ಣೆಯ ಶುದ್ಧಿಗೂ ಹಲಾಲಿಗೂ ಒಂದು ಭೇದವುಂಟು. ಹಂದಿಯ ಅಂಶ ಬೆರೆತಿದ್ದರೆ ಡಿಎನ್‌ಎ ಪರೀಕ್ಷೆ ಅದನ್ನು ಹಿಡಿದುಕೊಟ್ಟೀತು. ಕತ್ತಿಯಾಡಿಸುವಾಗ ದೇವರ ನಾಮೋಚ್ಚಾರವಾಯಿತೇ ಎಂಬುದನ್ನು ಯಾವ ಪ್ರಯೋಗಶಾಲೆಯೂ ಹೇಳಲಾರದು. ಅದಕ್ಕೆ ಸಾಕ್ಷಿಯೆಂದರೆ ಪ್ರಮಾಣಪತ್ರ, ಮತ್ತು ಬಾಗಿಲಿಗೆ ಜಡಿದ ಸೀಲಿನ ಅಂಕೆಯು ಕಾಗದದ ಅಂಕೆಗೆ ಸರಿಹೊಂದುವುದು, ಇಷ್ಟೇ. ಆದಕಾರಣ, ಭದ್ರವಾಗಿ ಮುಚ್ಚಿದ ಕಂಟೇನರು ನಡುಗಡಲಿನಲ್ಲಿರುವಷ್ಟು ಕಾಲವೇ ಅತ್ಯಂತ ನಿಶ್ಚಿಂತೆಯ ಕಾಲವೆಂದೂ, ಬಾಗಿಲು ತೆರೆದು ಸರಕನ್ನು ಬಿಚ್ಚಿ ಹಂಚುವ ದಡದ ಉಗ್ರಾಣವೇ ಅಪಾಯದ ನೆಲೆಯೆಂದೂ ನನ್ನ ಎಣಿಕೆ. 2020ರ ಡಿಸೆಂಬರಿನಲ್ಲಿ ಮಲೇಶಿಯಾವನ್ನು ತಲ್ಲಣಗೊಳಿಸಿದ ಪ್ರಕರಣದಲ್ಲಿ, ಆಮದಾದ ಮಾಂಸಕ್ಕೆ ಕಳ್ಳ ಹಲಾಲ್ ಮುದ್ರೆಗಳನ್ನು ಹಚ್ಚಲಾಗುತ್ತಿತ್ತೆಂಬ ಆರೋಪ ಕೇಳಿಬಂದುದು ಜೋಹೋರ್ ಪ್ರಾಂತದ ಉಗ್ರಾಣವೊಂದರ ಮೇಲೆ. ಇಂಡೊನೇಶಿಯಾದ 2014ರ 33ನೆಯ ಕಾನೂನು ದಾಸ್ತಾನು, ಪೊಟ್ಟಣ, ವಿತರಣೆಗಳನ್ನೂ ಹಲಾಲಿನ ಪರಿಧಿಯೊಳಕ್ಕೆ ತಂದುದು ಯುಕ್ತವೇ ಸರಿ.

ದೊಡ್ಡ ವರ್ತಕನು ಇಡಿಯ ಕಂಟೇನರನ್ನು ಗೊತ್ತುಮಾಡಿಕೊಂಡು ನೆಮ್ಮದಿಯಿಂದಿರಬಲ್ಲನು. ಹತ್ತಾರು ಜನರ ಸರಕಿನೊಡನೆ ತನ್ನ ನಾಲ್ಕು ಪೆಟ್ಟಿಗೆಗಳನ್ನು ಸೇರಿಸಿ ಕಳುಹಿಸುವ ಬಡ ವ್ಯಾಪಾರಿಗೆ ಪಕ್ಕದ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಸುವವರಾರು, ಪ್ರತ್ಯೇಕ ಸಾಗಣೆಯ ವೆಚ್ಚವನ್ನು ಹೊರುವವರಾರು ಎಂಬ ಪ್ರಶ್ನೆಗೆ ಮಾನದಂಡದ ಪುಸ್ತಕಗಳು ಉತ್ತರ ಕೊಡುವುದಿಲ್ಲ.