ವಾಸನೆಯೂ ನೆನಪೂ

ಬೆಳ್ತಂಗಡಿ ತಾಲ್ಲೂಕಿನ ಗುರುವಾಯನಕೆರೆ ಪಶ್ಚಿಮ ಘಟ್ಟದ ಬುಡಕ್ಕೆ ಸಮೀಪದ ಊರು. ಬೇಸಗೆಯ ಬಿಸಿಲಿಗೆ ಕಾದು ಒಣಗಿದ ಇಲ್ಲಿನ ಮುರಕಲ್ಲಿನ ನೆಲದ ಮೇಲೆ ಮೊದಲ ಮಳೆಯ ನಾಲ್ಕು ಹನಿ ಬಿದ್ದೊಡನೆ ಮಣ್ಣಿನಿಂದ ಕಂಪೊಂದು ಏಳುತ್ತದೆ. ಅದು ಮೂಗನ್ನು ಮುಟ್ಟಿದ ಕ್ಷಣದಲ್ಲಿಯೇ ಒಬ್ಬನಿಗೆ ಹೊಸ ಕೊಡೆ ಹಿಡಿದು ಶಾಲೆಗೆ ಹೋದ ದಿನ ನೆನಪಾಗುತ್ತದೆ. ಇನ್ನೊಬ್ಬಳಿಗೆ ಅಂಗಳದಲ್ಲಿ ಹರವಿದ್ದ ಅಡಕೆಯನ್ನು ಮನೆಮಂದಿಯೆಲ್ಲ ಒಳಕ್ಕೆ ಸಾಗಿಸಿದ ಗಡಿಬಿಡಿ ಕಣ್ಣಿಗೆ ಕಟ್ಟುತ್ತದೆ. ನಾಗರ ಪಂಚಮಿಯ ಕೇದಗೆಯ ಹೂವಿಗೂ ಅರಿಸಿನ ಎಲೆಯ ಕಡುಬಿನ ಹಬೆಗೂ ಇದೇ ಶಕ್ತಿಯುಂಟು. ಕರೆಯದೆಯೇ ಬರುವ ಈ ನೆನಪುಗಳಿಗೆ ಕಾರಣವೇನು?

ಬೆಳಕೂ ಶಬ್ದವೂ ಅಲೆಗಳಾಗಿ ನಮ್ಮನ್ನು ತಲಪುತ್ತವೆ. ವಾಸನೆಯಾದರೋ ಹಾಗಲ್ಲ, ಅದನ್ನು ಹೊತ್ತು ತರುವುದು ವಸ್ತುವಿನ ಅಣುಗಳೇ. ಮಳೆಯ ಕಂಪಿನಲ್ಲಿ ಮುಖ್ಯವಾದುದು ಜಿಯೋಸ್ಮಿನ್ ಎಂಬ ಪದಾರ್ಥ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮೊದಲಾದ ಸೂಕ್ಷ್ಮಜೀವಿಗಳು ಇದನ್ನು ತಯಾರಿಸುತ್ತವೆ. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ 10 ಕೋಟಿಯಲ್ಲೊಂದು ಪಾಲಿನಷ್ಟು ಜಿಯೋಸ್ಮಿನ್ ಇದ್ದರೂ ನಮ್ಮ ಮೂಗು ಅದನ್ನು ಗುರುತಿಸಬಲ್ಲುದು. ಇಷ್ಟು ಅಲ್ಪ ಪ್ರಮಾಣದಲ್ಲಿಯೂ 30 ಲಕ್ಷ ಕೋಟಿಗೆ ಮಿಕ್ಕಿದ ಅಣುಗಳಿವೆಯೆಂಬುದನ್ನು ವಿದ್ಯಾರ್ಥಿಗಳು ಆವೊಗಾಡ್ರೊ ಸಂಖ್ಯೆಯ ನೆರವಿನಿಂದ ಲೆಕ್ಕ ಹಾಕಿ ನೋಡಬಹುದು. ಜಿಯೋಸ್ಮಿನ್ನಿನ ಅಣುತೂಕ 182.

ಈ ಅಣುಗಳು ನೆಲದಿಂದ ಗಾಳಿಗೆ ಏರುವ ಬಗೆಯೂ ಸ್ವಾರಸ್ಯಕರವಾದುದು. ರಂಧ್ರಮಯವಾದ ನೆಲಕ್ಕೆ ಹನಿ ಅಪ್ಪಳಿಸಿದಾಗ ಅದರಡಿಯಲ್ಲಿ ಪುಟ್ಟ ಗಾಳಿಗುಳ್ಳೆಗಳು ಸಿಕ್ಕಿಬೀಳುತ್ತವೆ. ಅವು ಹನಿಯೊಳಗೆ ಮೇಲೇರಿ ಒಡೆದು, ಅತಿಸೂಕ್ಷ್ಮ ತುಂತುರನ್ನು ಗಾಳಿಗೆ ಚಿಮ್ಮುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ಇದರ ಚಿತ್ರಗಳನ್ನು ತೆಗೆದು 2015ರಲ್ಲಿ ಪ್ರಕಟಿಸಿದರು. ಬಿರುಮಳೆಗಿಂತ ಹಗುರವಾದ ಮಳೆಯಲ್ಲಿಯೇ ಈ ತುಂತುರು ಹೆಚ್ಚೆಂಬುದು ಅವರಿಗೆ ಕಂಡುಬಂದಿತು.

ಮೂಗಿನ ಒಳಮೇಲ್ಭಾಗದಲ್ಲಿ ಘ್ರಾಣಕೋಶಗಳಿವೆ. ಅವುಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳುಂಟು. ಒಂದೊಂದು ವಾಸನೆಯೂ ಇವುಗಳಲ್ಲಿ ಕೆಲವನ್ನು ಕೆರಳಿಸುತ್ತದೆ. ಹಾರ್ಮೋನಿಯಮ್ಮಿನ ಕೆಲವೇ ಮನೆಗಳನ್ನು ಒತ್ತಿ ಬಗೆಬಗೆಯ ಸ್ವರಮೇಳಗಳನ್ನು ನುಡಿಸುವಂತೆ, ಈ ಜೋಡಣೆಗಳಿಂದ ಅಸಂಖ್ಯ ವಾಸನೆಗಳು ಬೇರೆ ಬೇರೆಯಾಗಿ ತಿಳಿಯುತ್ತವೆ. ಈ ಗ್ರಾಹಕಗಳ ಜೀನುಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ನೋಟ, ಶ್ರವಣ, ಸ್ಪರ್ಶಗಳ ಸಂದೇಶಗಳು ಮೊದಲು ಮಿದುಳಿನ ನಡುವಿನ ಥಾಲಮಸ್ ಎಂಬ ಕಟ್ಟೆಯನ್ನು ಹಾದು, ಅನಂತರ ಮಿದುಳಿನ ಹೊರಪದರವನ್ನು ಸೇರುತ್ತವೆ. ವಾಸನೆಯ ಸಂದೇಶ ಮಾತ್ರ ಈ ಕಟ್ಟೆಯನ್ನು ಹಾಯದೆ ಮುಂದೆ ಸಾಗಬಲ್ಲುದು. ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ, ನೆನಪನ್ನು ರೂಪಿಸುವ ಹಿಪೊಕ್ಯಾಂಪಸ್—ಇವೆರಡೂ ಅದರ ದಾರಿಗೆ ಅತಿ ನಿಕಟವಾಗಿವೆ. ಆದುದರಿಂದಲೇ ವಾಸನೆಯ ಹೆಸರು ನಾಲಗೆಗೆ ಬರುವ ಮೊದಲೇ ಅದರೊಡನೆ ಬೆಸೆದ ಸುಖವೋ ದುಃಖವೋ ಮನಸ್ಸಿನಲ್ಲಿ ಎದ್ದು ನಿಲ್ಲುತ್ತದೆ.

2006ರಲ್ಲಿ ಸ್ವೀಡನ್ನಿನ ವಿಲಾಂಡರ್ ಮತ್ತು ಲಾರ್ಸನ್ ಎಂಬ ಸಂಶೋಧಕರು ವೃದ್ಧರನ್ನು ಪರೀಕ್ಷಿಸಿದರು. ಮಾತುಗಳನ್ನು ಕೇಳಿದಾಗ ಅವರಿಗೆ ಬಹುಮಟ್ಟಿಗೆ ಹರೆಯದ ನೆನಪುಗಳು ಬಂದುವು. ವಾಸನೆಯನ್ನು ಮೂಸಿದಾಗ ಹತ್ತು ವರ್ಷಕ್ಕೆ ಮುಂಚಿನ ಬಾಲ್ಯದ ನೆನಪುಗಳೇ ಹೆಚ್ಚಾಗಿ ಬಂದುವು. ಆದರೆ ಇಂಥ ನೆನಪು ಭಾವಪೂರ್ಣವೆಂಬ ಮಾತ್ರಕ್ಕೆ ಹೆಚ್ಚು ನಿಖರವೆಂದು ಭಾವಿಸಲಾಗದು.

ಈ ಇಂದ್ರಿಯವನ್ನು ನಾವು ಲಘುವಾಗಿ ಎಣಿಸುವುದುಂಟು. 2020ರಲ್ಲಿ ಹಬ್ಬಿದ ಕೋವಿಡ್ ರೋಗದಿಂದ ಅನೇಕರಿಗೆ ಘ್ರಾಣಶಕ್ತಿ ಹೋದಾಗ ಅದರ ಬೆಲೆ ತಿಳಿಯಿತು. ಊಟ ಸಪ್ಪೆಯಾಯಿತು, ಸ್ವಂತ ಮನೆಯೇ ಅಪರಿಚಿತವೆನಿಸಿತೆಂದವರೂ ಇದ್ದರು. ಹೆಚ್ಚಿನವರಿಗೆ ಅದು ಮರಳಿತು. ಘ್ರಾಣಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಕೈ ನಡುಗುವುದಕ್ಕೆ ಹಲವು ವರ್ಷ ಮೊದಲೇ ಘ್ರಾಣಶಕ್ತಿ ಕುಂದುವುದುಂಟು. ಮರೆವಿನ ರೋಗವಾದ ಆಲ್‌ಜೈಮರ್‌ನಲ್ಲಿಯೂ ಅದು ಮುನ್ಸೂಚನೆಯಾಗಬಹುದು. ನೆಗಡಿಯಿಂದಲೂ ವಯಸ್ಸಿನಿಂದಲೂ ವಾಸನೆ ತಿಳಿಯದಾಗುವುದು ಸಾಮಾನ್ಯವಾದುದರಿಂದ ಗಾಬರಿ ಬೇಡ. ಆದರೆ ಮನೆಯ ಹಿರಿಯರು ಒಗ್ಗರಣೆ ಸೀದುದನ್ನು ಅರಿಯದಿದ್ದರೆ ನಗದೆ ವೈದ್ಯರಿಗೆ ತಿಳಿಸುವುದು ಲೇಸು.

ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಏಲಕ್ಕಿ, ಜೀರಿಗೆ, ಕರ್ಪೂರ, ಒಣಗಿದ ಸಂಪಿಗೆ—ಇವನ್ನು ಬೇರೆ ಬೇರೆ ಬಟ್ಟೆಯ ಗಂಟುಗಳಲ್ಲಿ ಕಟ್ಟಿರಿ. ಅಜ್ಜಿಯೋ ಅಜ್ಜನೋ ಕಣ್ಣು ಮುಚ್ಚಿ ಮೂಸಲಿ. ಯಾವ ನೆನಪು ಬಂದಿತು, ಅದು ಎಷ್ಟನೆಯ ವಯಸ್ಸಿನದು ಎಂಬುದನ್ನು ಬರೆದುಕೊಳ್ಳಿರಿ. ಒಂದು ವಾರದ ಮೇಲೆ ಅದೇ ವಸ್ತುಗಳ ಹೆಸರನ್ನು ಮಾತ್ರ ಹೇಳಿ, ಮತ್ತೆ ಕೇಳಿರಿ. ಒಬ್ಬರಿಂದ ಏನೂ ಸಿದ್ಧವಾಗದು. ತರಗತಿಯ ಎಲ್ಲರ ಟಿಪ್ಪಣಿಗಳನ್ನು ಕೂಡಿಸಿ ನೋಡಬೇಕು. ಬೇರೆಲ್ಲಿಯೂ ಬರೆದಿಡದ ಸಂಗತಿಗಳೂ ಆಗ ದೊರೆತಾವು.

ನಮ್ಮ ಹಿರಿಯರು ಮೂಗಿಗೆ ತಿಳಿಯುವ ಗಂಧಕ್ಕೂ, ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರಕ್ಕೂ 'ವಾಸನೆ' ಎಂಬ ಒಂದೇ ಹೆಸರನ್ನು ಬಳಸಿದರು. ಮಿದುಳಿನಲ್ಲಿಯೂ ಇವೆರಡರ ನೆಲೆಗಳು ನೆರೆಹೊರೆಯವಾಗಿವೆ.