ಅಂಚೆಚೀಟಿಯಗಲದ ಮುಖಚಿತ್ರ

ಪ್ರಶ್ನೆ: ಒಬ್ಬಿಬ್ಬರೇ ಕೂಡಿ ರಚಿಸಿದ ವಿಡಿಯೋ ಗೇಮಿನ ಮಾರಾಟಪುಟಕ್ಕೆ ಚಿತ್ರ, ಬರಹ ಹೇಗಿರಬೇಕು?

ಉತ್ತರ: ವಿಡಿಯೋ ಗೇಮುಗಳನ್ನು ಮಾರುವ ಸ್ಟೀಮ್ ಎಂಬ ಅಂತರ್ಜಾಲದಂಗಡಿಯಲ್ಲಿ ಗ್ರಾಹಕನ ಕಣ್ಣಿಗೆ ಮೊದಲು ಬೀಳುವುದು ಆಟವಲ್ಲ, ಪುಟ್ಟದೊಂದು ಮುಖಚಿತ್ರ, ಆದುದರಿಂದ ಚಿತ್ರಕಾರನು ಆಟದ ಸೊಬಗನ್ನೆಲ್ಲ ಅದರೊಳಗೆ ತುರುಕದೆ, ಒಂದೇ ಆಕೃತಿಯನ್ನೂ ಸ್ಫುಟವಾದ ಹೆಸರನ್ನೂ ಉಳಿಸಿಕೊಂಡು, ಅಂಚೆಚೀಟಿಯ ಗಾತ್ರಕ್ಕೆ ಕುಗ್ಗಿಸಿ, ತೋಳಿನಳತೆಯ ದೂರದಲ್ಲಿಟ್ಟು ಪರೀಕ್ಷಿಸತಕ್ಕದ್ದು. 2022ರ ಸೆಪ್ಟೆಂಬರಿನಿಂದ ಆ ಚಿತ್ರದಲ್ಲಿ ಪ್ರಶಸ್ತಿ, ವಿಮರ್ಶೆಯ ಅಂಕ, ರಿಯಾಯಿತಿಗಳ ಉಲ್ಲೇಖ ನಿಷಿದ್ಧವಾಗಿದೆ. ಇದು ಚಿತ್ರಕಲೆಗೆ ಸಂದ ಗೌರವವೆಂದೇ ನನ್ನ ಎಣಿಕೆ. ಇನ್ನು ಬರಹದ ಮಾತು. ಪುಟದ ಸಂಕ್ಷಿಪ್ತ ವಿವರಣೆಗೆ ದೊರೆಯುವುದು ಸುಮಾರು 300 ಅಕ್ಷರ: ಅಲ್ಲಿ ಕಥೆಯ ಪೂರ್ವಪೀಠಿಕೆ ಬೇಡ, ಆಡುವವನು ಮಾಡುವ ಕ್ರಿಯೆಯೇ ಬರಲಿ. ಉದಾಹರಣೆಗೆ, 2013ರ ‘ಪೇಪರ್ಸ್, ಪ್ಲೀಸ್’ ಆಟದಲ್ಲಿ ನೀವು ಗಡಿಠಾಣೆಯಲ್ಲಿ ಕುಳಿತು ಪ್ರಯಾಣಿಕರ ಕಾಗದಪತ್ರಗಳನ್ನು ಪರಿಶೀಲಿಸಿ ಮುದ್ರೆಯೊತ್ತುತ್ತೀರಿ. ಇಷ್ಟು ಹೇಳಿದರೇ ಮುದ್ರೆಯ ಸದ್ದು ಕಿವಿಗೆ ಬೀಳುತ್ತದೆ.